ಸ್ವಾಮಿಯ ಹಲಗೆಯ ಮೇಲೆ ಐದು ಗೂಡು

ನನ್ನ ಅಂಗಿಯ ಜೇಬಿನಲ್ಲಿ ಈಗ ಒಂದು ತೂತುಬಿದ್ದ ರೇಷ್ಮೆಗೂಡು ಇದೆ. ಬೀಡಿ ಬಿಟ್ಟು ವರ್ಷಗಳಾದರೂ ಜೇಬಿಗೆ ಕೈ ಹೋಗುವ ಅಭ್ಯಾಸ ಮಾತ್ರ ಬಿಟ್ಟಿಲ್ಲ. ಹೋದ ಕೈಗೆ ಏನಾದರೂ ಸಿಗಲಿ ಅಂತ ಇಟ್ಟುಕೊಂಡಿದ್ದೇನೆ ಎಂದು ಕೇಳಿದವರಿಗೆ ಹೇಳುತ್ತೇನೆ. ಶಿಡ್ಲಘಟ್ಟದ ಮಾರುಕಟ್ಟೆಗೆ ಇದನ್ನು ತೆಗೆದುಕೊಂಡು ಹೋದರೆ ಯಾರೂ ಬೆರಳಲ್ಲೂ ಮುಟ್ಟುವುದಿಲ್ಲ. ಗೂಡು ತೂತಾಯಿತು ಅಂದರೆ ಎಳೆ ಕಡಿಯಿತು, ಎಳೆ ಕಡಿದ ಮೇಲೆ ನೂಲು ಬಿಚ್ಚುವ ಮಾತೇ ಇಲ್ಲ. ನಲವತ್ತು ವರ್ಷದಿಂದ ಹುಳು ಮೇಯಿಸುತ್ತಿರುವ ನಾನು ತೂತುಗೂಡನ್ನು ಎದೆಯ ಮೇಲೆ ಇಟ್ಟುಕೊಂಡು ಓಡಾಡುತ್ತಿರುವುದನ್ನು ನನ್ನ ಅಪ್ಪ ನೋಡಿದ್ದರೆ ಏನನ್ನುತ್ತಿದ್ದರೋ. ಬಹುಶಃ ಏನೂ ಅನ್ನದೆ ಸೊಪ್ಪು ಕೊಯ್ಯಲು ಕಳಿಸುತ್ತಿದ್ದರು. ಅವರಿಗೆ ಯಾವ ಸಮಸ್ಯೆಗೂ ಸೊಪ್ಪು ಕೊಯ್ಯುವುದೇ ಉತ್ತರವಾಗಿತ್ತು.

ನಮ್ಮದು ಕೆಂಚಾರ್ಲಹಳ್ಳಿ ಕಡೆ. ನಾನು ಶಾಲೆ ಬಿಟ್ಟದ್ದು ಆರನೇ ಕ್ಲಾಸಿನಲ್ಲಿ. ಓದು ತಲೆಗೆ ಹತ್ತಲಿಲ್ಲ ಅಂತ ಊರಿನವರು ಹೇಳುತ್ತಾರೆ. ಅದು ಸುಳ್ಳು. ನಡೆದದ್ದು ಬೇರೆ. ನಮ್ಮ ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ ರೇಷ್ಮೆ ಹುಳುವಿನ ಜೀವನ ಬರೆದರು. ಮೊಟ್ಟೆ, ಅಲ್ಲಿಂದ ಬಾಣದ ಗುರುತು ಹಾಕಿ ಹುಳು, ಹುಳುವಿನಿಂದ ಗೂಡು, ಗೂಡಿನಿಂದ ಚಿಟ್ಟೆ, ಚಿಟ್ಟೆಯಿಂದ ಮತ್ತೆ ಮೊಟ್ಟೆ. ಬಳೆಯ ಹಾಗೆ ದುಂಡಗೆ ಬಂತು. ನಾನು ಕೈ ಎತ್ತಿ ಎದ್ದು ನಿಂತು ಹೇಳಿದೆ: "ಸಾ, ತಪ್ಪಾಗಿದೆ ಸಾ. ಗೂಡಾದ ಮೇಲೆ ಶಿಡ್ಲಘಟ್ಟ."

ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ. ಅಂಗೈ ಮೇಲೆ ಬಿದ್ದ ಏಟು ಎರಡು. ಆ ವಾರವೇ ಮನೆಯಲ್ಲಿ ಹುಳುಗಳು ನಾಲ್ಕನೇ ಜ್ವರ ಎದ್ದು ರಾಕ್ಷಸರ ಹಾಗೆ ಸೊಪ್ಪು ಮೇಯತೊಡಗಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ; ಹುಳು ಚರ್ಮ ಬಿಡಲು ತಲೆ ಎತ್ತಿಕೊಂಡು ಸುಮ್ಮನೆ ಕೂರುವುದಕ್ಕೆ ನಾವು ಹಾಗನ್ನುತ್ತೇವೆ. ಅಪ್ಪ "ಎಂಟು ದಿನ ಸ್ಕೂಲಿಗೆ ಹೋಗ್ಬೇಡ" ಅಂದರು. ಆ ಎಂಟು ದಿನ ಇನ್ನೂ ಮುಗಿದಿಲ್ಲ.

ಆದರೆ ನನ್ನ ಮಾತಿನಲ್ಲಿ ಏನು ತಪ್ಪಿತ್ತು, ಹೇಳಿ. ನಮ್ಮ ಮನೆಗೆ ಮರಿ ಹುಳು, ಮೊಟ್ಟೆ ಒಡೆಸಿ ಮರಿ ಸಾಕಿಕೊಡುವ ಚಾಕಿ ಕೇಂದ್ರದಿಂದ ಬರುತ್ತದೆ. ನಾವು ಮೇಯಿಸುತ್ತೇವೆ. ಹಣ್ಣಾದ ಹುಳುವನ್ನು ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ ಬಿಡುತ್ತೇವೆ, ಅದು ಗೂಡು ಕಟ್ಟುತ್ತದೆ. ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕುತ್ತೇವೆ. ಅಲ್ಲಿಂದ ಅದು ನೂಲು ಬಿಚ್ಚುವವರ ಬಿಸಿನೀರಿಗೆ ಹೋಗುತ್ತದೆ. ಒಳಗಿನ ಜೀವ ಹೊರಗೆ ಬರುವಷ್ಟು ದಿನ ಗೂಡನ್ನು ಮನೆಯಲ್ಲಿ ಇಟ್ಟುಕೊಳ್ಳುವವನು ಹುಚ್ಚ. ಲಕ್ಷಗಟ್ಟಲೆ ಹುಳು ಈ ಕೈಯಲ್ಲಿ ಬೆಳೆದಿವೆ. ಒಂದು ಚಿಟ್ಟೆಯನ್ನಾದರೂ ನಾನು ಕೂತು ನೋಡಿದವನಲ್ಲ. ಇದು ವಿಚಿತ್ರ ಅಂತ ನನಗೆ ಅನ್ನಿಸಿದ್ದೇ ಮೊನ್ನೆ ಮೊನ್ನೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಪ್ರತಿ ಬೆಳೆಯಲ್ಲೂ ಮಾರುಕಟ್ಟೆಗೆ ಹೊರಡುವ ಮೊದಲು ಐದು ಒಳ್ಳೆಯ ಗೂಡು ಆರಿಸಿ ದೇವರ ಹಲಗೆಯ ಮೇಲೆ, ಬೆಟ್ಟದ ಸ್ವಾಮಿಯ ಪಟದ ಮುಂದೆ ಇಡುವುದು. ಮುಂದಿನ ಬೆಳೆಯವರೆಗೆ ಅವು ಅಲ್ಲೇ ಇರುತ್ತವೆ. ಇಡುವುದು ನನ್ನ ಹೆಂಡತಿ ರಾಮಕ್ಕನ ಕೆಲಸ. ಅವಳು ಆಂಧ್ರದ ಗಡಿಯಾಚೆಯವಳು. ಸಂತೋಷವಾದರೆ ಕನ್ನಡ ಮಾತಾಡುತ್ತಾಳೆ, ಗಾಬರಿಯಾದರೆ ತೆಲುಗು. ಈ ಸಲ ಅವಳು ತಂಗಿಯ ಮನೆಗೆ ಹೋಗಿದ್ದರಿಂದ ಗೂಡು ಇಟ್ಟವನು ನಾನು. ಇಟ್ಟ ಐದನೇ ದಿನ, ಭಾನುವಾರ ಬೆಳಿಗ್ಗೆ, ಹಿಂದಿನ ಸಂಜೆಯಷ್ಟೇ ವಾಪಸು ಬಂದಿದ್ದ ರಾಮಕ್ಕ ದೀಪ ಹಚ್ಚಲು ಹೋದವಳು ಕಿರುಚಿದಳು.

"ಏಮಯ್ಯಾ! ಇಟ್ಲಾ ರಾ! ದೇವುಡಿ ಮೀದ ಏಂದೋ ಪಾಕುತಾ ಉಂದಿ!"

ದೇವರ ಮೇಲೆ ಏನೋ ಹರಿಯುತ್ತಿದೆ ಅನ್ನುವ ತೆಲುಗು ಕೇಳಿ ಹಾವೇ ಇರಬೇಕು ಅಂತ ದೊಣ್ಣೆ ಹಿಡಿದು ಓಡಿದೆ. ಹಾವಲ್ಲ. ದೇವರ ಪಟದ ಮೇಲೆ ಹರಿಯುತ್ತಿದ್ದದ್ದು ಕೆನೆ ಬಣ್ಣದ, ದಪ್ಪ ಹೊಟ್ಟೆಯ, ಮೈಯೆಲ್ಲ ಹಿಟ್ಟು ಬಳಿದಂತಿದ್ದ ಒಂದು ಚಿಟ್ಟೆ. ಅದರ ಕೆಳಗೆ ಇನ್ನೆರಡು. ನಾಲ್ಕನೆಯದು ಗೂಡಿನ ತುದಿ ಒದ್ದೆ ಮಾಡಿಕೊಂಡು ತಲೆ ತೂರಿಸುತ್ತಿತ್ತು.

"ಬಿಸಿಲಿಗೆ ಹಾಕಿದ್ಯಾ ಇಡೋ ಮುಂಚೆ?" ರಾಮಕ್ಕ ಕೇಳಿದಳು.

"ಬಿಸಿಲಿಗಾ? ಯಾಕೆ?"

ಅವಳು ಹಣೆ ಚಚ್ಚಿಕೊಂಡಳು. ಇಷ್ಟು ವರ್ಷವೂ ಅವಳು ಆ ಐದು ಗೂಡನ್ನು ಮಾಳಿಗೆಯ ಮೇಲೆ ಎರಡು ದಿನ ಸುಡುಬಿಸಿಲಿಗೆ ಒಣಗಿಸಿ, ಒಳಗಿನದ್ದು ಸತ್ತ ಮೇಲೆ ದೇವರಿಗೆ ಇಡುತ್ತಿದ್ದಳಂತೆ. ನನಗೆ ಗೊತ್ತಿರಲಿಲ್ಲ. ರೇಷ್ಮೆಯಲ್ಲಿ ನನಗೆ ಗೊತ್ತಿಲ್ಲದ್ದು ಇಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗುವವನಿಗೆ ನನ್ನ ಮನೆಯ ದೇವರ ಹಲಗೆಯ ಗುಟ್ಟೇ ಗೊತ್ತಿರಲಿಲ್ಲ.

ಗಲಾಟೆ ಕೇಳಿ ಮಗಳು ಸುಜಾತ ಹಲ್ಲುಜ್ಜುತ್ತಲೇ ಬಂದಳು. ಅವಳು ಮೇಲೂರಿನ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ಮನೆಯಿಂದಲೇ ಸ್ಕೂಟರಿನಲ್ಲಿ ಓಡಾಡುತ್ತಾಳೆ. ಇಲ್ಲಿ ನಿಮಗೆ ಒಂದು ಮಾತು ಹೇಳಬೇಕು. ಆಗ ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ ಇತ್ತು. ಅವಳು ಕೆಲಸದ ಪರೀಕ್ಷೆಗೆ ಓದುತ್ತಿದ್ದಾಗ ನಾನು ಬೆಟ್ಟದ ಸ್ವಾಮಿಗೆ ಹರಕೆ ಹೊತ್ತಿದ್ದೆ. ಕೆಲಸ ಸಿಕ್ಕರೆ ಅಪ್ಪ ಮಗಳು ಇಬ್ಬರೂ ಶನಿವಾರದ ದಿನ ಬರಿಗಾಲಿನಲ್ಲಿ ಬೆಟ್ಟ ಹತ್ತಿ, 'ನೀನು ಕೊಟ್ಟ ಕೆಲಸ' ಅಂತ ಹೇಳಿ ಅವಳ ಕೈಯಿಂದ ಕಾಯಿ ಒಡೆಸುತ್ತೇನೆ ಅಂತ. ಕೆಲಸ ಸಿಕ್ಕಿತು. ಹರಕೆಯ ಮಾತು ಎತ್ತಿದರೆ ಅವಳು ಒಪ್ಪಲಿಲ್ಲ.

"ಬೆಟ್ಟ ಬೇಕಾದ್ರೆ ಹತ್ತು ಸಲ ಹತ್ತೀನಿ ಅಪ್ಪ. ಆದ್ರೆ ಆ ಮಾತು ಹೇಳಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದ್ದೋಳು ನಾನು. ನನ್ನ ಓದನ್ನ ನನ್ನ ಕೇಳ್ದೆ ಸ್ವಾಮಿಗೆ ಬರ್ಕೊಟ್ಬಿಟ್ಟಿದ್ದೀಯ."

"ಬುದ್ಧಿ ಕೊಟ್ಟೋನು ಯಾರಮ್ಮ?"

"ಬುದ್ಧಿ ಎಲ್ಲಿಂದ ಬಂತು ಅಂತ ಹೇಳ್ತೀನಿ ಕೂತ್ಕೋ. ಕೋತಿ ಕಾಲದಿಂದ ಶುರು ಮಾಡ್ಬೇಕು, ಟೈಮಿದ್ಯಾ?"

ನನಗೆ ಟೈಮಿರಲಿಲ್ಲ. ಕೋತಿಯ ಮಾತು ಕೇಳಿ ಸಿಟ್ಟು ಬಂತು. ನಮ್ಮ ತೋಟದ ಸೀಬೆಹಣ್ಣನ್ನು ಪಾಲು ಹಾಕಿಕೊಂಡು ತಿನ್ನುವ ಮೂಕಪ್ರಾಣಿಗಳು ನನ್ನ ತಾತ ಮುತ್ತಾತ ಅಂದರೆ ಯಾರಿಗೆ ತಾನೆ ಹಿತ? ಅವಳು ತಿದ್ದಿದಳು. ತಾತ ಅಲ್ಲವಂತೆ. ಅವುಗಳಿಗೂ ನಮಗೂ ಬಹಳ ಹಿಂದೆ ಒಬ್ಬನೇ ಮೂಲಪುರುಷ, ಆಮೇಲೆ ಕವಲು ಬೇರೆಯಾಯಿತು. "ದಾಯಾದಿಗಳು ಅಂದ್ಕೋ ಅಪ್ಪ." ದಾಯಾದಿ ಅಂದ ಮೇಲೆ ಸೀಬೆಹಣ್ಣಿನ ವಿಷಯ ಸ್ವಲ್ಪ ಅರ್ಥವಾಯಿತು, ಆದರೆ ಹಾಗಂತ ಅವಳಿಗೆ ಹೇಳಲಿಲ್ಲ. ಅವತ್ತಿನಿಂದ ಎರಡು ವರ್ಷ ಹರಕೆ ಹಾಗೇ ಉಳಿದಿತ್ತು. ಮಾತು ಕೊಟ್ಟು ತಪ್ಪಿದವನಲ್ಲ ನಾನು. ಮನುಷ್ಯರಿಗೇ ತಪ್ಪಿಲ್ಲ, ದೇವರಿಗೆ ತಪ್ಪಿ ಕೂತಿದ್ದೆ.

ನನ್ನ ದೇವರ ಲೆಕ್ಕವೂ ಅಷ್ಟೇನೂ ನೇರವಾದದ್ದಲ್ಲ ಅನ್ನಿ. ಹುಳುಮನೆಯ ಬಾಗಿಲಿಗೆ ಕಾಯಿ ಒಡೆಯುತ್ತೇನೆ, ಒಳಗೆ ಬ್ಲೀಚಿಂಗ್ ಪೌಡರೂ ಹಾಕುತ್ತೇನೆ. "ಯಾವ್ದು ಕೆಲ್ಸ ಮಾಡ್ತು ಅಂತ ಹೆಂಗೆ ಗೊತ್ತಾಗತ್ತೆ? ಒಂದ್ಸಲ ಒಂದು ಬಿಟ್ಟು ನೋಡು" ಅಂತ ಸುಜಾತ ಕೆಣಕುತ್ತಿದ್ದಳು. ಎರಡರಲ್ಲಿ ಯಾವುದನ್ನು ಬಿಡಲೂ ನನಗೆ ಧೈರ್ಯವಿಲ್ಲ. ಬೆಳೆ ಚೆನ್ನಾಗಿ ಬಂದರೆ ನನ್ನ ಕೈಗುಣ, ಕೆಟ್ಟರೆ ದೇವರ ಆಟ. ಹೀಗೆ ನಲವತ್ತು ವರ್ಷ ನಡೆದುಬಂದಿದೆ, ಇಬ್ಬರಿಗೂ ತಕರಾರಿಲ್ಲ.

ಆ ಭಾನುವಾರಕ್ಕೆ ಬರುತ್ತೇನೆ. ಚಿಟ್ಟೆಗಳನ್ನು ನೋಡಿ ನನಗೆ ಕನಿಕರ ಹುಟ್ಟಿತು. ಹಸಿದಿರಬೇಕು ಅಂತ ಒಂದು ತಟ್ಟೆಯಲ್ಲಿ ಬೆಲ್ಲದ ನೀರು ತಂದಿಟ್ಟೆ.

"ಬಾಯಿಲ್ಲ ಅಪ್ಪ ಅವಕ್ಕೆ."

"ಬಾಯಿಲ್ವಾ?"

"ಇದ್ದೂ ಇಲ್ದಂಗೆ. ಏನೂ ತಿನ್ನಲ್ಲ. ಮೊಟ್ಟೆ ಇಡ್ತಾವೆ, ಸಾಯ್ತಾವೆ. ಹಾರೋದೂ ಇಲ್ಲ."

ಬಾಯಿಯ ವಿಷಯ ಸಹಿಸಿಕೊಂಡೆ. ಹಾರುವುದಿಲ್ಲ ಅನ್ನುವುದನ್ನು ಸಹಿಸಲಾಗಲಿಲ್ಲ. ನನ್ನ ಹುಳು, ನನ್ನ ಸೊಪ್ಪು ತಿಂದು ಬೆಳೆದದ್ದು.

"ನಾಲ್ಕು ರೆಕ್ಕೆ ಅವೆ, ಕಣ್ ಕಾಣಲ್ವಾ? ದೇವ್ರೇನು ಶೋಕಿಗೆ ಕೊಟ್ನಾ ರೆಕ್ಕೆ? ಒಣಗ್ಲಿ ತಾಳು, ಹಾರ್ತಾವೆ."

"ಹಾರಲ್ಲ."

"ಹಾರಿದ್ರೆ?"

ಸುಜಾತ ಬ್ರಷ್ಷು ಬಾಯಿಂದ ತೆಗೆದಳು. "ಹಾರಿದ್ರೆ ಬೆಟ್ಟಕ್ಕೆ ಬರ್ತೀನಿ. ನೀನು ಹೇಳ್ಕೊಟ್ಟ ಮಾತು ಹೇಳಿ ಕಾಯಿ ಒಡೀತೀನಿ. ಹಾರ್ದೆ ಇದ್ರೆ ನನ್ ಕ್ಲಾಸಿಗೆ ಬಂದು ಹಿಂದಿನ ಬೆಂಚಲ್ಲಿ ಕೂರ್ಬೇಕು. ಒಂದು ಪೀರಿಯಡ್ಡು. ಬಾಯಿ ಬಿಡಂಗಿಲ್ಲ."

ನಾನು ಆಗಲೇ ಬೆಟ್ಟ ಹತ್ತಿ ಇಳಿದವನ ಹಾಗೆ ಹೂಂ ಅಂದೆ.

ಮಧ್ಯಾಹ್ನದ ಹೊತ್ತಿಗೆ ಐದೂ ಹೊರಗೆ ಬಂದು ರೆಕ್ಕೆ ಒಣಗಿಸಿಕೊಂಡವು. ಅಗಲವಾದ ತಟ್ಟೆಯಲ್ಲಿ ಇಟ್ಟುಕೊಂಡು ಮಾಳಿಗೆ ಹತ್ತಿದೆ. ಸುಜಾತ ಕಟ್ಟೆಯ ಮೇಲೆ ಕೂತಳು. ಒಂದನ್ನು ಅಂಗೈ ಮೇಲೆ ಇಟ್ಟು ಮೇಲಕ್ಕೆ ಎತ್ತಿದೆ. ಅದು ರೆಕ್ಕೆಯನ್ನು ಪಟಪಟ ಬಡಿಯಿತು, ಬಹಳ ಜೋರಾಗಿ. ಆದರೆ ಅಂಗೈ ಬಿಟ್ಟು ಏಳಲಿಲ್ಲ. ಧೈರ್ಯ ಸಾಲದೇನೋ ಅಂತ ಮೆಲ್ಲಗೆ ಗಾಳಿಗೆ ಎಸೆದೆ. ನೇರವಾಗಿ ಹೋಗಿ ಒಣಹಾಕಿದ್ದ ಮೆಣಸಿನಕಾಯಿಯ ಮೇಲೆ ಬಿತ್ತು. ಇನ್ನೊಂದನ್ನು ಕಟ್ಟೆಯಾಚೆಗೆ ಬಿಟ್ಟೆ. ಅದು ಬಡಿಯುತ್ತ ಬಡಿಯುತ್ತ ಕೆಳಗಿಳಿದು ಅಂಗಳದಲ್ಲಿ ಕೂತಿತು. ಪಕ್ಕದ ಮನೆಯ ಕೋಳಿ ಎರಡು ಹೆಜ್ಜೆ ಇಟ್ಟು ಬಂದು ನುಂಗಿತು.

"ಇನ್ನೂ ಮೂರದೆ," ಅಂದಳು ಸುಜಾತ. ನಗಲಿಲ್ಲ, ಅದೇ ಕಷ್ಟವಾದದ್ದು.

ಆ ಮೂರನ್ನೂ ಎಸೆಯಲಿಲ್ಲ. ಮೆಣಸಿನಕಾಯಿಯ ಮೇಲಿದ್ದದ್ದನ್ನು ಹೆಕ್ಕಿಕೊಂಡು ನಾಲ್ಕನ್ನೂ ದೇವರ ಹಲಗೆಯ ಮೇಲೆ ವಾಪಸು ಇಟ್ಟೆ. ಅವನಿಗೆ ಕೊಟ್ಟದ್ದು, ಅವನೇ ನೋಡಿಕೊಳ್ಳಲಿ. ಅವು ಜೋಡಿ ಜೋಡಿಯಾಗಿ ಬೆನ್ನು ತಿರುಗಿಸಿ ಕೂತವು. ರಾಮಕ್ಕ ದೇವರ ಮುಂದೆ ಇದೇನು ಅಂತ ಮೇಲೆ ಒಂದು ಬಟ್ಟೆ ಮುಚ್ಚಿದಳು.

ಎರಡು ದಿನ ಬಿಟ್ಟು ಶಿಡ್ಲಘಟ್ಟಕ್ಕೆ ಹೋದಾಗ ರಹಮತ್ ಸಾಬರಿಗೆ ಈ ಕಥೆ ಹೇಳಿದೆ. ನನ್ನ ಗೂಡು ಎಷ್ಟೋ ವರ್ಷದಿಂದ ಕೊಳ್ಳುವವರು, ನೂಲು ಬಿಚ್ಚುವ ಮನೆತನ. ಅವರು ಚಹಾ ಬಟ್ಟಲು ಕೆಳಗಿಟ್ಟು ಮೈ ಕುಲುಕುವಂತೆ ನಕ್ಕರು.

"ಅರೆ ನಾರಾಯಣಣ್ಣಾ, ನೀವು ಹಾರ್ಸೋಕ್ಕೆ ಹೋದ್ರಾ? ನಮ್ಮ ಕೈಗೆ ಬಂದಿದ್ದು ಬಿಸಿನೀರಲ್ಲಿ ಹೋಗ್ಬಿಡ್ತದೆ. ನಾನೂ ನೋಡಿಲ್ಲ ಬಿಡಿ."

"ದೇವರು ಕೊಟ್ಟ ರೆಕ್ಕೆ ಯಾಕೆ ಹಾರಲ್ಲ ಸಾಬರೇ?"

"ನಮ್ಮ ಚಿಕ್ಕ ಮಗಳೂ ಇದೇ ಓದ್ತಾಳೆ, ಇದೇ ಜಗಳ ಮಾಡ್ತಾಳೆ. ನಾನ್ ಏನ್ ಹೇಳ್ತೀನಿ ಗೊತ್ತಾ? ನೋಡು ಬೇಟಿ, ಗೂಡಿಂದ ನೂಲು ಹೆಂಗ್ ಬರ್ತದೆ, ಅದು ನಾನು ಹೇಳ್ತೀನಿ. ಹುಳು ಹೊಟ್ಟೆಯಲ್ಲಿ ನೂಲು ಯಾಕ್ ಇಟ್ಟ, ಅದು ಅಲ್ಲಾಗೆ ಕೇಳು. ಎರಡು ಬೇರೆ ಬೇರೆ ಅಂಗಡಿ. ಇಲ್ಲಿ ಹೋಗಿ ಅಲ್ಲಿಯ ಸಾಮಾನು ಕೇಳ್ಬಾರ್ದು."

"ಮಗಳು ಒಪ್ಪಿದ್ಲಾ?"

"ಎಲ್ಲಿ! 'ಎರಡಂಗಡಿಗೂ ಓನರ್ ಒಬ್ಬನೇ ಅಲ್ವಾ ಅಬ್ಬಾ' ಅಂತಾಳೆ." ಅವರು ಮತ್ತೆ ಬಟ್ಟಲು ಎತ್ತಿಕೊಂಡರು.

ಗುರುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಪಂಚೆ ಹಾಕಿಕೊಂಡು ಮಗಳ ಸ್ಕೂಟರಿನ ಹಿಂದೆ ಕೂತು ಹೊರಟೆ. ಸೋತವನು ಚೆನ್ನಾಗಿ ಉಡಬೇಕು ಅಂತ ನನ್ನ ಅಭಿಪ್ರಾಯ. ಹಿಂದಿನ ಬೆಂಚಿನಲ್ಲಿ ಮಂಡಿ ಹಿಡಿಸಲಿಲ್ಲ, ಪಕ್ಕಕ್ಕೆ ಚಾಚಿ ಕೂತೆ. ಹುಡುಗಿಯರು ತಿರುಗಿ ತಿರುಗಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ಹೊಸ ಅಡ್ಮಿಷನ್ನು," ಅಂದಳು ಸುಜಾತ. ಕ್ಲಾಸು ಇನ್ನೂ ಜೋರಾಗಿ ನಕ್ಕಿತು.

ಆಮೇಲೆ ಅವಳು ಬೋರ್ಡಿನ ಮೇಲೆ ಅದೇ ಬಳೆ ಬರೆದಳು. ಮೊಟ್ಟೆ, ಹುಳು, ಗೂಡು, ಚಿಟ್ಟೆ. ನನ್ನ ಅಂಗೈ ತಾನಾಗಿ ಮುಚ್ಚಿಕೊಂಡಿತು.

ಅವಳು ಹೇಳಿದ್ದು ಇಷ್ಟು. ಬಹಳ ಹಿಂದೆ ಕಾಡಿನಲ್ಲಿದ್ದಾಗ ಈ ಚಿಟ್ಟೆ ಹಾರುತ್ತಿತ್ತು. ಮನುಷ್ಯ ಮನೆಗೆ ತಂದ. ದೊಡ್ಡ ಗೂಡು ಕಟ್ಟಿದ್ದನ್ನು ಮೊಟ್ಟೆಗೆ ಇಟ್ಟುಕೊಂಡ, ಚಿಕ್ಕದ್ದನ್ನು ಬಿಟ್ಟ. ಕೂತಲ್ಲೇ ಕೂತು ಮೊಟ್ಟೆ ಇಟ್ಟದ್ದರ ಸಂತಾನ ಮನೆಯಲ್ಲಿ ಬೆಳೆಯಿತು. ಕಿಟಕಿಯಿಂದ ಹಾರಿಹೋದದ್ದರ ಸಂತಾನ ಮನೆಯಲ್ಲಿ ಬೆಳೆಯುವುದು ಹೇಗೆ? ಸಾವಿರಾರು ವರ್ಷ ಹೀಗೆ ಆರಿಸಿ ಆರಿಸಿ ಇಟ್ಟ ಮೇಲೆ ಹಾರುವ ಶಕ್ತಿ ಹೋಯಿತು, ರೆಕ್ಕೆ ಉಳಿಯಿತು. ಇಲ್ಲಿ ಆರಿಸಿದ್ದು ಮನುಷ್ಯ. ಕಾಡಿನಲ್ಲಿ ಆರಿಸುವುದು ಚಳಿ, ಹಸಿವು, ಹಕ್ಕಿ. "ಇಲ್ಲಾಂದ್ರೆ ಕೋಳಿ," ಅಂತ ನನ್ನ ಕಡೆ ನೋಡದೆ ಸೇರಿಸಿದಳು.

ನಾನು ಕೇಳುತ್ತ ಕೇಳುತ್ತ ನಮ್ಮ ತಾತನನ್ನು ನೆನೆಸಿಕೊಂಡೆ. ಅವರ ಕಾಲದಲ್ಲಿ ಮೊಟ್ಟೆ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರಂತೆ. ಗೂಡನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ, ಬೆಳಕಿಗೆ ಹಿಡಿದು, ಇದು ಬೀಜಕ್ಕೆ, ಇದು ಮಾರಾಟಕ್ಕೆ ಅಂತ ಬೇರೆ ಮಾಡುತ್ತಿದ್ದರು ಅಂತ ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಆ ರೆಕ್ಕೆಯಿಂದ ಹಾರಾಟ ತೆಗೆದ ಕೈಗಳಲ್ಲಿ ನಮ್ಮ ತಾತನದೂ ಒಂದು ಜೊತೆ. ಪಾಠ ಪರದೇಶದ್ದು ಅಂತ ತಿಳಿದಿದ್ದೆ. ಅದು ನಮ್ಮ ಮನೆಯ ನಡುಮನೆಯಲ್ಲೇ ನಡೆದಿತ್ತು.

ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. "ಮಿಸ್, ಹಂಗಾದ್ರೆ ದೇವ್ರು ಹುಳುನ ಮಾಡ್ಲಿಲ್ವಾ?"

ಸುಜಾತ ಚಾಕ್‌ಪೀಸು ಕೆಳಗಿಟ್ಟಳು. "ರೆಕ್ಕೆ ಹೆಂಗೆ ಸೋಲ್ತು ಅಂತ ನಾನು ಹೇಳ್ಬಲ್ಲೆ ಕಣಮ್ಮ. ಆ ಪ್ರಶ್ನೆ ಹಿಂದಿನ ಬೆಂಚಿಗೆ ಕೇಳು. ಅವ್ರಿಗೆ ಬಾಯಿ ಬಿಡಕ್ಕೆ ಪರ್ಮಿಷನ್ ಕೊಟ್ಟಿದ್ದೀನಿ."

ನಲವತ್ತು ತಲೆ ಒಟ್ಟಿಗೆ ತಿರುಗಿದವು. ನಾನು ಎದ್ದು ನಿಂತೆ. ಸಾಮಾನ್ಯವಾಗಿ ನನಗೆ ಉತ್ತರಕ್ಕೆ ಬರವಿಲ್ಲ. ಸಂಘದ ಸಭೆಯಲ್ಲಿ, ಮದುವೆ ಮಾತುಕತೆಯಲ್ಲಿ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವವನು. ಅವತ್ತು ನಾಲಿಗೆಗೆ ಬಂದದ್ದು ಒಂದೇ.

"ಗೊತ್ತಿಲ್ಲಮ್ಮ. ಮಾಡಿದಾನೆ ಅಂತ್ಲೇ ನಾನು ಕೈ ಮುಗೀತೀನಿ. ಹೆಂಗ್ ಮಾಡ್ದ ಅಂತ ನಿಮ್ ಮಿಸ್ಸು ಹುಡುಕ್ತಾ ಅವ್ರೆ. ಅವ್ರು ಓದಿರೋರು, ಕೇಳ್ಕೊ."

ಕೂತೆ. ಯಾರೂ ಹೊಡೆಯಲಿಲ್ಲ.

ವಾಪಸು ಬರುವಾಗ ಸ್ಕೂಟರಿನ ಮೇಲೆ ದಾರಿಯುದ್ದಕ್ಕೂ ನನಗೆ 'ಬೆಳೆ ಬಂದರೆ ನನ್ನ ಕೈಗುಣ' ಅನ್ನುವ ನನ್ನದೇ ಮಾತು ನೆನಪಾಗುತ್ತಿತ್ತು. ಆ ಕೈಗುಣವನ್ನು ಇನ್ನೊಬ್ಬರ ಹೆಸರಿಗೆ, ಅದು ದೇವರಾದರೂ ಸರಿ, ಬರೆದುಕೊಡು ಅಂದರೆ ನಾನು ಕೊಡುತ್ತಿದ್ದೆನೇ? ಬೆಳಗಿನ ಜಾವದ ನಾಲ್ಕು ಗಂಟೆ ಅವಳದು. ಆ ಹೊತ್ತಿನಲ್ಲಿ ಅವಳ ಕೋಣೆಯ ದೀಪ ನೋಡಿ ಸೊಪ್ಪಿಗೆ ಹೊರಟಿದ್ದವನು ನಾನೇ.

ಮುಂದಿನ ವಾರ ಶುಕ್ರವಾರ ರಾಮಕ್ಕ ಮತ್ತೆ ತೆಲುಗಿನಲ್ಲಿ ಕೂಗಿದಳು. ಚಿಟ್ಟೆಗಳು ಸತ್ತು ಆಗಲೇ ದಿನಗಳಾಗಿದ್ದವು. ಆದರೆ ಸಾಯುವ ಮೊದಲು ಸ್ವಾಮಿಯ ಪಟದ ಗಾಜಿನ ಮೇಲೆ, ಪಾದದ ಹತ್ತಿರ, ಸಾಸಿವೆಗಿಂತ ಚಿಕ್ಕ ಮೊಟ್ಟೆಗಳನ್ನು ಸಾಲಾಗಿ ಅಂಟಿಸಿದ್ದವು. ಒರೆಸಬೇಡ ಅಂತ ನಾನೇ ಅವಳಿಗೆ ಹೇಳಿದ್ದೆ. ಈಗ ಕೆಲವು ಒಡೆದಿದ್ದವು, ಕೆಲವು ಹಾಗೇ ಇದ್ದವು. ಒಡೆದವುಗಳಿಂದ ಕೂದಲಿನ ಚೂರಿನಂಥ ಕಪ್ಪು ಮರಿಗಳು ಹೊರಟು ಸ್ವಾಮಿಯ ಮೊಣಕಾಲಿನವರೆಗೆ ಹತ್ತಿದ್ದವು. ಮೇಷ್ಟ್ರ ಬಳೆ ನಮ್ಮ ಮನೆಯಲ್ಲಿ ಮೊದಲ ಸಲ ಪೂರ್ತಿಯಾಗಿತ್ತು. ಅವರು ಬದುಕಿದ್ದರೆ ಹೋಗಿ ಹೇಳಬಹುದಿತ್ತು.

ತೋಟಕ್ಕೆ ಹೋಗಿ ಎಳೆಯ ಹಿಪ್ಪುನೇರಳೆ ಎಲೆ ತಂದೆ, ಹೆಚ್ಚಿ, ಹೂವಿನ ಜಾಗದಲ್ಲಿ ಇಟ್ಟೆ.

ಮರುದಿನ ಶನಿವಾರ. ಯಾರಿಗೂ ಹೇಳದೆ ಚಪ್ಪಲಿ ಮನೆಯಲ್ಲೇ ಬಿಟ್ಟು ಒಬ್ಬನೇ ಬೆಟ್ಟಕ್ಕೆ ಹೋದೆ. ಅರ್ಧ ದಾರಿಯಲ್ಲಿ ಒಬ್ಬ ದಾಯಾದಿ ಬಂಡೆಯಿಂದ ಇಳಿದು ಬಂದು ನನ್ನ ಕೈಯಿಂದ ಬಾಳೆಹಣ್ಣಿನ ಚಿಪ್ಪು ಕಿತ್ತುಕೊಂಡು ಹೋದ. ತಕರಾರು ಮಾಡಲಿಲ್ಲ. ಕಾಯಿ ಉಳಿದಿತ್ತು. ಮೇಲೆ ಹೋಗಿ, ಪೂಜಾರಿ ಅತ್ತ ಹೋಗುವವರೆಗೆ ಕಾದು, ಸ್ವಾಮಿಗೆ ಮಾತ್ರ ಕೇಳಿಸುವಷ್ಟು ಹೇಳಿದೆ. ಹರಕೆ ಹೊತ್ತವನು ನಾನು, ಹತ್ತಿದವನೂ ನಾನು. ಓದಿದವಳು ಅವಳು. ಆ ಓದನ್ನು ನಿನ್ನ ಹೆಸರಿಗೆ ಹಾಕಿದ್ದು ನನ್ನ ತಪ್ಪು, ಅಷ್ಟನ್ನು ವಾಪಸು ತೆಗೆದುಕೊಳ್ಳುತ್ತೇನೆ. ಕಾಯಿ ಒಡೆದೆ. ಸಮಭಾಗವಾಗಿ ಒಡೆಯಿತು. ಅದಕ್ಕೆ ಅರ್ಥ ಕಟ್ಟಲು ಹೋಗಲಿಲ್ಲ. ಕಾಯಿ ಚೆನ್ನಾಗಿದ್ದರೆ, ಕೈ ಪಳಗಿದ್ದರೆ, ಹಾಗೇ ಒಡೆಯುತ್ತದೆ.

ಮನೆಗೆ ಬಂದಾಗ ಸುಜಾತ ದೇವರ ಹಲಗೆಯ ಮುಂದೆ ಕೂತಿದ್ದಳು. ಚಾಕು, ಮಣೆ, ಎಲೆ. ಮರಿಗಳನ್ನು ಹಕ್ಕಿಯ ಪುಕ್ಕದಿಂದ ಮೆಲ್ಲಗೆ ಪಟದಿಂದ ಒಂದು ತಟ್ಟೆಗೆ ಇಳಿಸಿದ್ದಳು. ದೀಪ ಉರಿಯುತ್ತಿತ್ತು. ಹಚ್ಚಿದ್ದು ಯಾರು ಅಂತ ನಾನು ಕೇಳಲಿಲ್ಲ. ನನ್ನ ಕೆಂಪು ಮಣ್ಣಿನ ಕಾಲು, ಕೈಯಲ್ಲಿದ್ದ ಕಾಯಿಹೋಳು ನೋಡಿದಳು.

"ಏನ್ ಹೇಳ್ದೆ?"

ಹೇಳಿದ್ದನ್ನು ಹೇಳಿದೆ. ಅವಳು ಎಲೆ ಹೆಚ್ಚುತ್ತಲೇ ಕೇಳಿದಳು.

"ಅದಕ್ಕೆ ಸ್ವಾಮಿ ಏನಂದ್ರು?"

ನಾನು ಮಣೆಯ ಕಡೆ ಬಗ್ಗಿ ನೋಡಿದೆ. "ಸೊಪ್ಪು ಇನ್ನೂ ಸಣ್ಣಗೆ ಹೆಚ್ಚಕ್ಕೆ ಹೇಳು ಅಂದ್ರು."